ಬಿಜ್ಜಳ ಮಹಾರಾಜರಿಗೆ ಮನ್ನಾಏಖೇಳ್ಳಿಯಿಂದ ಒಂದು ಬಹಿರಂಗ ಪತ್ರ

ಕಲ್ಯಾಣದ ಕಲಚೂರಿ ಬಿಜ್ಜಳ ಮಹಾರಾಜರ ಸನ್ನಿಧಿಗೆ, ತೆರಿಗೆದಾರರ ಶರಣು.

ನಾಟಕಗಳಲ್ಲಿ ತಮಗೆ ಸಿಗುವುದು ಹೆಚ್ಚಾಗಿ ಖಳನ ಪಾತ್ರವೇ. ಆದರೂ ಒಂದು ವಿಷಯದಲ್ಲಿ ತಮಗೆ ನ್ಯಾಯ ಸಲ್ಲಬೇಕು. ಭಂಡಾರಿ ಬಸವಣ್ಣ ರಾಜ್ಯದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂಬ ಚಾಡಿ ಕಿವಿಗೆ ಬಿದ್ದೊಡನೆ ತಾವು ಬೊಕ್ಕಸ ಎಣಿಸಿ ನೋಡಿದಿರಿ. ಒಂದು ಹೊನ್ನೂ ಕಡಿಮೆ ಬೀಳಲಿಲ್ಲ ಎನ್ನುತ್ತವೆ ಶರಣರ ಪುರಾಣಗಳು. ಶರಣರ ಲೆಕ್ಕದಲ್ಲಿ ದಾಸೋಹ ಕಾಯಕದ ಗಳಿಕೆಯಿಂದ ನಡೆಯಬೇಕಾದದ್ದು, ಅರಮನೆಯ ಹಣದಿಂದಲ್ಲ. ಈಗಿನ ದೊರೆಗಳು ಚಾಡಿಗೆ ಎಡೆಯನ್ನೇ ಬಿಟ್ಟಿಲ್ಲ. ಮಠಗಳಿಗೆ ಕೊಡುವುದನ್ನು ಬಜೆಟ್ ಭಾಷಣದಲ್ಲೇ ಓದುತ್ತಾರೆ, ಸದನ ಮೇಜು ಕುಟ್ಟುತ್ತದೆ.

ತಮ್ಮ ರಾಜಧಾನಿಯಲ್ಲೇ 2021ರ ಜನವರಿ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಅಂದಾಜು 500 ಕೋಟಿ ರೂಪಾಯಿ. 770 ಶರಣರ ನೆನಪಿಗೆ 770 ಕಂಬ. ಏಪ್ರಿಲ್‌ನಲ್ಲಿ ಬಸವಕಲ್ಯಾಣದ ಉಪಚುನಾವಣೆಯೂ ಬಂತು, ಕಾಕತಾಳೀಯವೆಂದೇ ನಂಬೋಣ. ಮಂಟಪ ಧರ್ಮದ್ದಲ್ಲ, ಸಂಸ್ಕೃತಿಯದು ಎನ್ನುವವರಿದ್ದಾರೆ. ಆಗಲಿ, ಸ್ಮಾರಕವೆಂದು ಒಪ್ಪೋಣ (ಸ್ಥಾವರ ಒಲ್ಲದವರಿಗೆ ಕಟ್ಟುವ ಸ್ಥಾವರ!). ಮಠಗಳಿಗೆ ನೇರ ಹೋಗುವ ಅನುದಾನಕ್ಕೆ ಆ ನೆಪವೂ ಇಲ್ಲ. ಅಲ್ಲಿ ಸೊರಗುವುದು ಬೊಕ್ಕಸವೊಂದೇ ಅಲ್ಲ, ಮಠವೂ ಕೆಡುತ್ತದೆ. 2022ರ ಏಪ್ರಿಲ್‌ನಲ್ಲಿ ಬಾಲೆಹೊಸೂರಿನ ದಿಂಗಾಲೇಶ್ವರ ಸ್ವಾಮೀಜಿ, ಮಠದ ಅನುದಾನಕ್ಕೂ ಶೇ 30 ಕಮಿಷನ್ ಕೊಡಬೇಕಾಗಿದೆ ಎಂದು ಸಭೆಯಲ್ಲೇ ಆರೋಪಿಸಿದರು. ಸರ್ಕಾರ ದಾಖಲೆ ಕೊಡಿ ಎಂದಿತು. ಆರೋಪದ ಸತ್ಯಾಸತ್ಯ ಹೇಗೇ ಇರಲಿ, ದೊರೆಗೆ ಬುದ್ಧಿ ಹೇಳಬೇಕಾದ ಪೀಠ, ಬಿಲ್ ಪಾಸಾಗಲೆಂದು ಕಾಯುವ ಗುತ್ತಿಗೆದಾರರ ಸಾಲಿನಲ್ಲಿ ಬಂದು ನಿಂತದ್ದಂತೂ ಎಲ್ಲರಿಗೂ ಕಂಡಿತು.

ಮಠಗಳು ಅನ್ನ, ಅಕ್ಷರ ಕೊಡುತ್ತವಲ್ಲ ಎಂದು ತಾವು ಕೇಳಬಹುದು. ಸಿದ್ಧಗಂಗೆಯನ್ನೋ ಭಾಲ್ಕಿಯ ಹಿರೇಮಠವನ್ನೋ ಬಲ್ಲವರು ಅದನ್ನು ಅಲ್ಲಗಳೆಯಲಾರರು. ಹಾಗಾದರೆ ಹಾಸ್ಟೆಲಿನ ಮಕ್ಕಳ ತಲೆ ಎಣಿಸಿ, ತಲೆಗಿಷ್ಟು ಎಂದು ಕೊಡಲಿ. ಯಾವ ಜಾತಿ, ಯಾವ ಧರ್ಮದ ಸಂಸ್ಥೆ ನಡೆಸಿದರೂ ಅದೇ ದರ. ಗೋಪುರಕ್ಕೂ ಸಮುದಾಯ ಭವನಕ್ಕೂ ಮಕ್ಕಳನ್ನು ಮುಂದೆ ಮಾಡುವುದು ಬೇಡ. ಸರ್ಕಾರ ಗುಡಿಯ ಹುಂಡಿ ಒಯ್ಯುತ್ತದಲ್ಲ ಎಂಬ ತಕರಾರೂ ಇದೆ. 1997ರ ಮುಜರಾಯಿ ಕಾಯ್ದೆಯಂತೆ ದೊಡ್ಡ ಗುಡಿಗಳ ಪಾಲು ಸಾಮಾನ್ಯ ಸಂಗ್ರಹ ನಿಧಿಗೆ ಹೋಗಿ ಬಡ ಗುಡಿಗಳಿಗೆ ತಲುಪಬೇಕು. ಅದು ದೇವರ ಮನೆಯೊಳಗಿನ ಹಂಚಿಕೆ, ತೆರಿಗೆಯಲ್ಲ. ಇನಾಂ ಭೂಮಿ ಕಳೆದುಕೊಂಡ ಗುಡಿಗೆ ಸಿಗುವ ತಸ್ತೀಕಂತೂ ಸಾಲ ತೀರಿಸುವ ಬಾಬತ್ತು; ಅದಕ್ಕೆ ಯಾರೂ ಕೈ ಹಾಕುವುದು ಬೇಡ. ಇನ್ನು ‘ಅವರಿಗೆ ಕೊಟ್ಟಿರಲ್ಲ’ ಎಂಬ ಹಳೆಯ ಹಾಡು. 2018ರಲ್ಲಿ ಹಜ್ ಸಬ್ಸಿಡಿ ನಿಂತಿತು, ಹಜ್ ಯಾತ್ರೆ ನಿಂತಿಲ್ಲ. ಭಕ್ತಿ ಖಜಾನೆಯನ್ನು ಅಷ್ಟೊಂದು ನೆಚ್ಚಿಕೊಂಡಿರಲಿಲ್ಲ ಎಂದಾಯಿತು. ಇದೇ ದಯೆ ನಮ್ಮ ಮಠಗಳಿಗೂ, ಚರ್ಚು ಮಸೀದಿಗಳಿಗೂ ಸಿಗಬಾರದೇಕೆ?

ಯಾವುದೇ ನಿರ್ದಿಷ್ಟ ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಒತ್ತಾಯಿಸಬಾರದು ಎನ್ನುತ್ತದೆ ಸಂವಿಧಾನದ 27ನೇ ವಿಧಿ. ತೆರಿಗೆಯ ಸಣ್ಣ ಪಾಲು ಧರ್ಮಕ್ಕೆ ಹೋದರೆ ಅದು ಉಲ್ಲಂಘನೆಯಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ‘ಸಣ್ಣ’ ಎಲ್ಲಿಗೆ ಮುಗಿಯುತ್ತದೆಂದು ಗೆರೆ ಎಳೆದಿಲ್ಲವಾದ್ದರಿಂದ ಪ್ರತಿ ಬಜೆಟ್ಟೂ ನಿರಾಳ. ಉದ್ಯೋಗ ಖಾತ್ರಿಯ ಕೂಲಿಗಾದರೆ ದಿನಕ್ಕೆ ಎರಡು ಸಲ ಮೊಬೈಲಿಗೆ ಮುಖ ತೋರಿಸಿದರಷ್ಟೇ ಹಾಜರಿ ಎಂದು ಕಟ್ಟಳೆ ಮಾಡಿದರು. ಕೋಟಿ ಪಡೆದ ಸಂಸ್ಥೆ ಖರ್ಚಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಊರಿನೆದುರು ಹಚ್ಚಲಿ ಎಂದರೆ ಮಾತ್ರ ಧರ್ಮದ್ರೋಹ! ಎಣಿಸುವ ಅಭ್ಯಾಸವಿರುವ ತಾವು ಒಂದು ಬಜೆಟ್ಟಿನ ಮಟ್ಟಿಗಾದರೂ ಲೆಕ್ಕಪರಿಶೋಧಕರಾಗಿ ಬನ್ನಿರಿ. ಭತ್ಯೆ ಎಷ್ಟಾದೀತೆಂದು ವಿಚಾರಿಸಿ ತಿಳಿಸುತ್ತೇವೆ.

ಇತಿ,
ಸೋಪಿಗೂ ಜಿಎಸ್‌ಟಿ ಕಟ್ಟುವ, ನಂಬುವ ಮತ್ತು ನಂಬದ ಮನ್ನಾಏಖೇಳ್ಳಿಯವರು