ಸಪ್ತಮಾಷ್ಟಮ ನಿರ್ಣಯ: ನೇಸ್ ಸಂಪ್ರದಾಯಾನುಸಾರಿ ಸವ್ಯಾಖ್ಯಾನ ಪ್ರಬಂಧ

ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ‘ಲೋಕೋಪಕಾರ’ವನ್ನು ಬರೆದು, ಅಂತರ್ಜಲ ಹುಡುಕುವುದರಿಂದ ಹಿಡಿದು ಅಡುಗೆ ಮಾಡುವುದರವರೆಗೆ ಗೃಹಸ್ಥನಿಗೆ ಬೇಕಾದ್ದನ್ನೆಲ್ಲ ಹೇಳಿದ. ಶ್ರೀಧರಾಚಾರ್ಯನು 1049ರಲ್ಲಿ ‘ಜಾತಕತಿಲಕ’ವನ್ನು ಬರೆದು ಗ್ರಹಗತಿ ತಿಳಿಸಿದ. ಆದರೆ ಬೆಳೆದ ಮಗಳಿಗೆ ಎರಡು ವಿಶ್ವವಿದ್ಯಾಲಯಗಳಿಂದ ಒಟ್ಟಿಗೆ ಸೀಟು ಬಂದರೆ ಯಾವುದಕ್ಕೆ ಕಳಿಸಬೇಕು ಎಂಬ ವಿಷಯದಲ್ಲಿ ಇಬ್ಬರೂ ತುಟಿ ಬಿಚ್ಚಿಲ್ಲ. ಸಾವಿರ ವರ್ಷದ ಈ ಕೊರತೆಯನ್ನು ತುಂಬುವ ಭಾರ ಕೊನೆಗೆ ಈ ಬಡ ಪ್ರಬಂಧಕಾರನ ತಲೆಗೆ ಬಿತ್ತು. ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ನೇಸ್ ಪಟ್ಟಣದಲ್ಲಿ, ಹಾಸನ ಕಡೆಯಿಂದ ಬಂದು ನೆಲೆಸಿದ ಒಂದು ಮನೆಯ ಅಡುಗೆಮನೆ ಮೇಜಿನ ಸುತ್ತ, ಆಗಸ್ಟಿನ ಕೊನೆಯ ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ನಡೆದ ವಾದಗಳೇ ಇಲ್ಲಿನ ಮೂಲಸಾಮಗ್ರಿ. ಪ್ರಬಂಧಕಾರನು ಅಲ್ಲಿಗೆ ಕಾಫಿಗೆಂದು ಹೋಗಿದ್ದವನು. ವಿದ್ವತ್ತು ಆಮೇಲೆ ಅಂಟಿಕೊಂಡಿತು.

ಮೊದಲು ಕ್ಷೇತ್ರಮಹಾತ್ಮೆ. ನೇಸ್ ಸಾಮಾನ್ಯ ಊರಲ್ಲ. ಲೀನ್‌ಸ್ಟರ್ ಪ್ರಾಂತದ ಅರಸರು ಒಂದು ಕಾಲದಲ್ಲಿ ಇಲ್ಲಿಂದಲೇ ಆಳಿದರು. ಅವರಲ್ಲಿ ಇಲ್ಲಿ ವಾಸವಿದ್ದ ಕೊನೆಯವನೆನ್ನುವ ಕೆರ್ವಲ್ ದೊರೆ 909ರಲ್ಲಿ ತೀರಿಕೊಂಡಾಗ ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ. ಇಬ್ಬರಿಗೂ ಪರಸ್ಪರ ಪರಿಚಯವಿದ್ದಂತೆ ಕಾಣುವುದಿಲ್ಲ. ಆದರೂ ಇಂಥ ಹೋಲಿಕೆಯಿಲ್ಲದೆ ಕನ್ನಡದಲ್ಲಿ ಸಂಶೋಧನೆ ಸಲ್ಲದು. ಈಗ ಆ ಊರಿನ ಗುರುತೆಂದರೆ ಎಂ7 ಹೆದ್ದಾರಿಯ ಪಕ್ಕ 1996ರಲ್ಲಿ ನಿಲ್ಲಿಸಿದ ಒಂದು ಬೃಹತ್ ಗೋಳ. ಅದರ ಮೈತುಂಬ ರಸ್ತೆಯ ಗೆರೆಗಳನ್ನು ಬಳಿದಿದ್ದಾರೆ. ಯಾವ ಗೆರೆ ಹಿಡಿದು ಹೊರಟರೂ ಗೋಳದಿಂದ ಆಚೆಗೆ ಹೋಗಲಾಗದು. ಮುಂದೆ ಬರುವ ಚರ್ಚೆಯ ಗತಿಯನ್ನು ಶಿಲ್ಪಿಗಳು ಇಷ್ಟು ವರ್ಷ ಮೊದಲೇ ಹೇಗೆ ಕಂಡರೋ!

ಇನ್ನು ಪರಿಭಾಷೆ. ಐರ್ಲೆಂಡಿನಲ್ಲಿ ಕಾಲೇಜು ಸೀಟು ಹಂಚುವ ದೈವಕ್ಕೆ ಸಿಎಓ ಎಂದು ಹೆಸರು. 1976ರಲ್ಲಿ ಹುಟ್ಟಿದ್ದು, ಗಾಲ್ವೇ ನಗರದಲ್ಲಿ ವಾಸ. ಫೆಬ್ರವರಿ 1ರ ಸಂಜೆ 5 ಗಂಟೆಯೊಳಗೆ ಅದಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ಎರಡು ಪಟ್ಟಿ: ಲೆವೆಲ್ 8 ಎಂಬ ಆನರ್ಸ್ ಪದವಿಗೆ ಹತ್ತು ಸಾಲು, ಲೆವೆಲ್ 7 ಮತ್ತು 6ಕ್ಕೆ ಇನ್ನು ಹತ್ತು ಸಾಲು. ದೇಶದ ವಿದ್ಯಾರ್ಹತೆಗಳನ್ನೆಲ್ಲ 2003ರಲ್ಲಿ ಹತ್ತು ಮೆಟ್ಟಿಲಾಗಿ ಜೋಡಿಸಿದ್ದಾರೆ, ಹತ್ತನೆಯದು ಡಾಕ್ಟರೇಟ್. ಒಂದು ಸುತ್ತಿನಲ್ಲಿ ಒಂದು ಪಟ್ಟಿಯಿಂದ ಒಂದೇ ಸೀಟು ಬರುತ್ತದೆ, ಅದೂ ನಾವು ಬರೆದ ಸಾಲುಗಳಲ್ಲಿ ಅಂಕಕ್ಕೆ ಎಟುಕುವ ಅತ್ಯಂತ ಮೇಲಿನದು. ಹಾಗಾಗಿ ‘ಎರಡು ಸೀಟು ಬಂದಿದೆ’ ಎಂದರೆ ಎಂಟರದ್ದೊಂದು, ಏಳರದ್ದೊಂದು ಎಂದರ್ಥ. ಒಪ್ಪಿಕೊಳ್ಳುವುದು ಒಂದನ್ನೇ. ನಮ್ಮ ಕೆಇಎ ಆಪ್ಷನ್ ಎಂಟ್ರಿಯಲ್ಲಿ ‘ಚಾಯ್ಸ್ ಎರಡು’ ಎಂದು ಒತ್ತಿ ಇದನ್ನೂ ಇಟ್ಟುಕೊಂಡು ಮೇಲಿನದಕ್ಕೂ ಕಾಯುವ ಸುಖ ಉಂಟಲ್ಲ, ಅದು ಇಲ್ಲಿ ತಾನಾಗಿಯೇ ಲಭ್ಯ: ಸೀಟು ಒಪ್ಪಿಕೊಂಡ ಮೇಲೂ, ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದದ್ದು ಎರಡನೇ ಸುತ್ತಿನಲ್ಲಿ ಒದಗಬಹುದು. ಓದುಗರು ಈ ವಿಧಿಯನ್ನು ನೆನಪಿಟ್ಟುಕೊಳ್ಳಬೇಕು. ಮನೆಯ ಯಜಮಾನರ ಸಕಲ ಸಿದ್ಧಾಂತವೂ ಇದರ ಮೇಲೇ ನಿಂತಿದೆ.

ಯಾರ ಕುರಿತು ಈ ಚರ್ಚೆಯೋ ಆ ಹುಡುಗಿಯನ್ನು ಶಾಸ್ತ್ರಮರ್ಯಾದೆಯಂತೆ ‘ಪ್ರಮೇಯ’ ಎನ್ನೋಣ. ಪ್ರಮೇಯವು ಚರ್ಚೆಯ ಉದ್ದಕ್ಕೂ ಹೆಡ್‌ಫೋನ್ ಹಾಕಿಕೊಂಡು ಹಿತ್ತಲಿನ ಶೆಡ್‌ನಲ್ಲಿತ್ತು. ಅಲ್ಲೊಂದು ಬೆಂಚು, ಬೆಂಚಿಗೊಂದು ವೈಸು, ವೈಸಿನಲ್ಲಿ ಒಂದು ಉಕ್ಕಿನ ತುಂಡು. ಅರದಿಂದ ಉಜ್ಜುವುದು, ಬೆರಳಿಂದ ಸವರಿ ನೋಡುವುದು, ಮತ್ತೆ ಉಜ್ಜುವುದು. ಉಗುರಿನ ಸಂದಿಯಲ್ಲಿ ಕಪ್ಪು. ಲೀವಿಂಗ್ ಸರ್ಟ್ ಎಂಬ, ಇಲ್ಲಿ ಶಾಲೆ ಮುಗಿಸುವವರ ಪರೀಕ್ಷೆಯಲ್ಲಿ ಎಂಜಿನಿಯರಿಂಗ್ ಎಂಬುದೂ ಒಂದು ವಿಷಯ. ಥಿಯರಿ ಬರೆದರೆ ಸಾಲದು, ಕೈಯಾರೆ ಒಂದು ಯಂತ್ರವನ್ನೂ ಮಾಡಿಕೊಡಬೇಕು. ಆ ಯಂತ್ರ ಚಲಿಸಿದ ದಿನ ಪ್ರಮೇಯವು ನಕ್ಕಿತ್ತೆಂದು ತಮ್ಮನ ಸಾಕ್ಷ್ಯವಿದೆ.

ಅಂಕಗಣಿತಕ್ಕೆ ಬರೋಣ. ಎಚ್ ಎಂದರೆ ಹೈಯರ್ ಮಟ್ಟ, ಪಕ್ಕದ ಅಂಕಿ ಶ್ರೇಣಿ. ಎಂಜಿನಿಯರಿಂಗ್ ಎಚ್1, ಡ್ರಾಯಿಂಗ್ ಎಚ್1: ತಲಾ 100 ಪಾಯಿಂಟು. ಫಿಸಿಕ್ಸ್ ಎಚ್2ಕ್ಕೆ 88, ಕೆಮಿಸ್ಟ್ರಿ ಎಚ್3ಕ್ಕೆ 77, ಇಂಗ್ಲಿಷ್ ಎಚ್4ಕ್ಕೆ 66. ಗಣಿತದಲ್ಲಿ ಎಚ್5, ಅಂದರೆ ನೂರಕ್ಕೆ ಐವತ್ತು ಚಿಲ್ಲರೆ. ಅದಕ್ಕೆ ಸಿಗುವುದು 56 ಪಾಯಿಂಟು; ಆದರೆ ಹೈಯರ್ ಗಣಿತ ತೆಗೆದುಕೊಂಡು ದಡ ಸೇರಿದವರಿಗೆ 25 ಬೋನಸ್. 56ಕ್ಕೆ 25 ಕೂಡಿದರೆ 81. ಹೀಗೆ ಐವತ್ತು ಚಿಲ್ಲರೆ ತೆಗೆದ ಗಣಿತವು ಎಪ್ಪತ್ತು ಚಿಲ್ಲರೆ ತೆಗೆದ ಕೆಮಿಸ್ಟ್ರಿಯನ್ನು ಹಿಂದೆ ಹಾಕುತ್ತದೆ. 12ನೇ ಶತಮಾನದಲ್ಲಿ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನೂ ಈ ವ್ಯವಹಾರವನ್ನು ಕಂಡಿರಲಾರ. ಒಟ್ಟು 512. ಗರಿಷ್ಠ 625.

ಗಣಿತದ ಎಚ್5 ಆ ಮನೆಯ ಗುಪ್ತನಿಧಿ. ಹಾಸನದಿಂದ ಫೋನು ಬಂದಾಗ ತಂದೆಯವರು, “ಮ್ಯಾತ್ಸಲ್ಲಿ ಎಚ್ ಐದು ಬಂದಿದೆ” ಎಂದಷ್ಟೇ ಹೇಳಿ ನಿಲ್ಲಿಸಿದರು. ಆಚೆಯವರು ಅದನ್ನು ಐದನೇ ರ್‍ಯಾಂಕ್ ಎಂದು ತಿಳಿದು ಅಭಿನಂದಿಸಿದರು. ಸುಳ್ಳು ಹೇಳಿದಂತಾಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ. ಇದಕ್ಕೆ ಅಲಂಕಾರಶಾಸ್ತ್ರದಲ್ಲಿ ಶ್ಲೇಷ ಎಂಬ ಗೌರವದ ಸ್ಥಾನವಿದೆ.

ಅಡಚಣೆ ಹುಟ್ಟಿದ್ದೂ ಇಲ್ಲೇ. ಎಂಜಿನಿಯರಿಂಗ್ ಆನರ್ಸ್‌ಗೆ ಇಲ್ಲಿ ಸಾಮಾನ್ಯವಾಗಿ ಗಣಿತದಲ್ಲಿ ಎಚ್4 ಕೇಳುತ್ತಾರೆ. ಒಟ್ಟು ಪಾಯಿಂಟು ಎಷ್ಟೇ ಇರಲಿ, ಆ ಬಾಗಿಲು ಮುಚ್ಚಿದ್ದೇ. ಹೀಗಾಗಿ ಬುಧವಾರ ಮಧ್ಯಾಹ್ನ 2 ಗಂಟೆಗೆ ಬಂದವು ಎರಡು: ಎಂಟರ ಪಟ್ಟಿಯಿಂದ ಮೇನೂತ್ ವಿಶ್ವವಿದ್ಯಾಲಯದ ವಿಜ್ಞಾನ ಪದವಿ, ಏಳರ ಪಟ್ಟಿಯಿಂದ ಡಬ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಟ್ಯಾಲಾ ಕ್ಯಾಂಪಸ್ಸಿನಲ್ಲಿ ಮೂರು ವರ್ಷದ ಮೆಕ್ಯಾನಿಕಲ್ ಎಂಜಿನಿಯರಿಂಗ್. ಉತ್ತರ ಕೊಡಲು ಮಂಗಳವಾರ 3 ಗಂಟೆಯವರೆಗೆ ಗಡುವು.

ಸೂತ್ರ: ಸೀಟು ಎರಡಾದಲ್ಲಿ ಮತಗಳು ಆರಕ್ಕೆ ಕಡಿಮೆ ಇರವು.

ತಂದೆಯವರು ಅಷ್ಟಮವಾದಿಗಳು. ಏಳಕ್ಕಿಂತ ಎಂಟು ದೊಡ್ಡದು ಎಂಬ ಅವರ ಮೊದಲ ವಾದವನ್ನು ಗಣಿತವಾಗಿ ಯಾರೂ ಖಂಡಿಸಲಾಗಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಶುರುವಾಯಿತಲ್ಲ, ಅದರ ಆರಂಭದ ವರ್ಷಗಳ ಕೌನ್ಸೆಲಿಂಗ್ ಹಾಲಿನಲ್ಲಿ ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ಕಂಡು ಬೆವರಿದವರು ಅವರು. ಆ ಬೆವರು ಇನ್ನೂ ಆರಿಲ್ಲ. ಅವರ ಎರಡನೆಯ ವಾದವೇ ಈ ಶಾಸ್ತ್ರದ ಹೃದಯ:

“512 ಇಟ್ಕೊಂಡು ಅಷ್ಟು ಕಮ್ಮಿ ಪಾಯಿಂಟಿನ ಕೋರ್ಸಿಗೆ ಹೋದ್ರೆ, ಉಳಿದ ಪಾಯಿಂಟು ಏನ್ಮಾಡ್ತೀಯ ಪುಟ್ಟಾ?”

ಇದಕ್ಕೆ ಪಾಯಿಂಟುಶೇಷವಾದ ಎಂದು ಹೆಸರಿಡಬಹುದು. ಕೋರ್ಸಿನ ಪಾಯಿಂಟು ಎಂದರೆ ಕಾಲೇಜಿನವರು ಕೂತು ಕಟ್ಟಿದ ಬೆಲೆಯಲ್ಲ. ಆ ವರ್ಷ ಕೊನೆಯದಾಗಿ ಒಳಹೊಕ್ಕವನಿಗೆ ಎಷ್ಟಿತ್ತೋ ಅಷ್ಟು. ಸೀಟು ಕಡಿಮೆಯಿದ್ದು ನುಗ್ಗುವವರು ಹೆಚ್ಚಿದ್ದರೆ ಏರುತ್ತದೆ, ಇಲ್ಲವಾದರೆ ಇಳಿಯುತ್ತದೆ. ಪಾಠದ ಗುಣಕ್ಕೂ ಅದಕ್ಕೂ ಸಂಬಂಧ ಕಷ್ಟ. ಕೊನೆಯ ಸೀಟಿಗೆ ಸಮಾನ ಪಾಯಿಂಟಿನವರು ಹಲವರಿದ್ದರೆ ಕಂಪ್ಯೂಟರ್ ಚೀಟಿ ಎತ್ತಿ ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಅಂಥ ಕೋರ್ಸಿನ ಪಕ್ಕ ಒಂದು ನಕ್ಷತ್ರ ಹಾಕುತ್ತಾರೆ. ಇದನ್ನೆಲ್ಲ ಪ್ರಬಂಧಕಾರನು ವಿನಯಪೂರ್ವಕ ನಿವೇದಿಸಿದಾಗ ತಂದೆಯವರು “ನಕ್ಷತ್ರ ಬೇರೆ ನೋಡ್ತಾರಾ ಇಲ್ಲಿ?” ಎಂದು ಕೇಳಿ, ಸಿಎಓ ಬಗ್ಗೆ ಮೊದಲ ಬಾರಿಗೆ ಗೌರವ ತಾಳಿದರು.

ನಕ್ಷತ್ರದ ಮಾತು ವಿಡಿಯೋ ಕಾಲ್‌ನಲ್ಲಿದ್ದ ಅಜ್ಜಿಯ ಕಿವಿಗೆ ಬಿದ್ದದ್ದೇ ವಾದದ ದಿಕ್ಕು ತಿರುಗಿತು. “ಎಂಟಾ? ಅಷ್ಟಮ! ಬೇಡ ಕಣಪ್ಪ. ಈಗಷ್ಟೇ ಅಷ್ಟಮ ಶನಿ ಬಿಟ್ಟಿದೆ ಮಗೀಗೆ. ಏಳೇ ಇರ್ಲಿ. ಏಳನೇ ಮನೆ ಕಳತ್ರ ಸ್ಥಾನ, ಮುಂದೆ ಮದುವೆಗೂ ಒಳ್ಳೇದು.” ಹೀಗೆ ಸಪ್ತಮವಾದಕ್ಕೆ ಮೊದಲ ಆಚಾರ್ಯರು ಸಿಕ್ಕಿದರು. ಬೆಂಗಳೂರಿನ ಚಿಕ್ಕಪ್ಪ ಇದನ್ನು ಬಿಡಲಿಲ್ಲ. ಏಳಕ್ಕೆ ಏಳರಾಟ ಶನಿಯಿಲ್ಲವೇ ಎಂದು ಎದುರು ಹಾಕಿದರು. ಅಷ್ಟಮ ಶನಿ ಎರಡೂವರೆ ವರ್ಷ, ಏಳರಾಟ ಏಳೂವರೆ ವರ್ಷ. ಮೂರು ವರ್ಷದ ಕೋರ್ಸಿಗೆ ಯಾವುದು ಕಡಿಮೆ ನಷ್ಟ ಎಂದು ಅವರು ಲೆಕ್ಕ ಹಾಕಿದ ರೀತಿ ಲೆಕ್ಕಪರಿಶೋಧಕರಿಗೆ ಶೋಭಿಸುವಂಥದ್ದು.

ಅಜ್ಜಿ ಸೋಲುವವರಲ್ಲ, ಆದರೆ ಪಕ್ಷ ಬದಲಿಸುವವರು. ಮೇನೂತ್‌ನ ಮೂಲ 1795ರಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ತಯಾರು ಮಾಡಲು ಹುಟ್ಟಿದ ಸೇಂಟ್ ಪ್ಯಾಟ್ರಿಕ್ಸ್ ಕಾಲೇಜು ಎಂದು ಯಾರೋ ಹೇಳಿಬಿಟ್ಟರು. “ಅಂದ್ರೆ ಮಠದ ಕಾಲೇಜು ಅನ್ನು!” ಎಂದು ಅಜ್ಜಿಯ ಮುಖ ಅರಳಿತು. ತುಮಕೂರಿನ ಸಿದ್ಧಗಂಗಾ ಮಠ 1963ರಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆದ ನಾಡಿನವರಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕೆ? ಮಠ ಎಂದರೆ ಶಿಸ್ತು, ಶಿಸ್ತಿಗಿಂತ ಮುಖ್ಯವಾಗಿ ಊಟ. ಈಗ ಅಲ್ಲಿ ಎಲ್ಲ ಧರ್ಮದವರೂ ಧರ್ಮವಿಲ್ಲದವರೂ ಓದುತ್ತಾರೆ, ವಿಶ್ವವಿದ್ಯಾಲಯವು 1997ರಿಂದ ಬೇರೆಯೇ ಸಂಸ್ಥೆ ಎಂದು ಹೇಳಲು ಪ್ರಬಂಧಕಾರನು ಬಾಯಿ ತೆರೆದ. ತಾಯಿಯವರು ಕೋಡುಬಳೆಯ ತಟ್ಟೆಯನ್ನು ಮುಂದಿಟ್ಟರು.

ವಾಸ್ತುಪಕ್ಷವನ್ನು ಸಂಕ್ಷೇಪಿಸುತ್ತೇನೆ. ನೇಸ್‌ನಿಂದ ಮೇನೂತ್ ಉತ್ತರಕ್ಕೆ, ಅದು ಕುಬೇರನ ದಿಕ್ಕು. ಟ್ಯಾಲಾ ಈಶಾನ್ಯದ ಕಡೆ, ಅದು ಈಶ್ವರನದು. ದಕ್ಷಿಣದ ಕಾರ್ಲೋ ಪಟ್ಟಣವನ್ನು ಯಮನ ದಿಕ್ಕೆಂದು ಜನವರಿಯಲ್ಲೇ ಕೈಬಿಡಲಾಗಿತ್ತು. ಉಳಿದ ಎರಡರಲ್ಲಿ ದೇವತೆಗಳು ತಟಸ್ಥರು.

ಪ್ರಮಾಣಗಳ ಪೈಕಿ ಕನ್ನಡ ಮನೆಗಳಲ್ಲಿ ಉಪಮಾನಕ್ಕೆ ಅಗ್ರಪೂಜೆ. ಉಪಮಾನವೆಂದರೆ ಬೇರೆಯವರ ಮಕ್ಕಳು. ಇಂಥವರ ಮಗ ಕಂಪ್ಯೂಟರ್ ಸೈನ್ಸ್ ಮಾಡಿ ದೊಡ್ಡ ಕಂಪನಿ ಸೇರಿದ. ಇಂಥವರ ಮಗಳು ಫಾರ್ಮಸಿ. ಶಬ್ದಪ್ರಮಾಣ ಎರಡನೆಯದು, ಅದು ವಾಟ್ಸ್ಯಾಪ್ ಗುಂಪಿನಲ್ಲಿ ದೊರೆಯುತ್ತದೆ. ಪ್ರತ್ಯಕ್ಷಕ್ಕೆ, ಅಂದರೆ ಕಾಲೇಜಿಗೇ ಹೋಗಿ ನೋಡಿ ಬರುವುದಕ್ಕೆ, ಕೊನೆಯ ಸ್ಥಾನ. ಓಪನ್ ಡೇ ದಿನ ಹೋಗಿದ್ದರು ನಿಜ. ತಂದೆಯವರು ಮೇನೂತ್‌ನ ಹಳೆಯ ಕಲ್ಲಿನ ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಂಡರು. ಟ್ಯಾಲಾದ ವರ್ಕ್‌ಶಾಪಿನಲ್ಲಿ ಪ್ರಮೇಯವು ಒಂದು ಲೇತ್ ಯಂತ್ರದ ಬಳಿ ಬಹಳ ಹೊತ್ತು ನಿಂತಿತ್ತು. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಸೂತ್ರ: ಪ್ರಮೇಯದ ಅಭಿಪ್ರಾಯವು ಪ್ರಮಾಣವಲ್ಲ.

ವೃತ್ತಿ: ಹದಿನೆಂಟರ ಹುಡುಗಿಗೆ ಏನು ಗೊತ್ತಾಗುತ್ತದೆ ಎಂಬುದು ಪೂರ್ವಪಕ್ಷ. ನಮಗೆ ಹದಿನೆಂಟರಲ್ಲಿ ಏನೂ ಗೊತ್ತಿರಲಿಲ್ಲವಾದ್ದರಿಂದ ಎಂಬುದು ಹೇತು. ಆಗ ನಮಗೆ ಗೊತ್ತಿದ್ದದ್ದನ್ನು ಯಾರಾದರೂ ಕೇಳಿದ್ದರೇ ಎಂಬುದು ಆಕ್ಷೇಪ. ಸಭೆಯಲ್ಲಿ ಇದನ್ನು ಯಾರೂ ಎತ್ತದಿದ್ದ ಕಾರಣ ಸಮಾಧಾನ ಅನಗತ್ಯ.

ಶನಿವಾರದ ಹೊತ್ತಿಗೆ ಚರ್ಚೆ ಪದವಿಗಳ ಏಣಿಗೆ ಬಂತು. ಇಲ್ಲಿ ಸ್ವಲ್ಪ ನಿಜವಾದ ಶಾಸ್ತ್ರವೂ ಇದೆ. ಏಳರ ಪದವಿ ಮುಗಿಸಿದವರು ಇನ್ನೊಂದು ವರ್ಷ ಓದಿ ಎಂಟಕ್ಕೆ ಹತ್ತಬಹುದು. ಏಣಿಗೆ ಮೆಟ್ಟಿಲು ಇಟ್ಟಿರುವುದೇ ಅದಕ್ಕೆ. ಹಾಗೆ ಹತ್ತಿದವರು ಒಂಬತ್ತಕ್ಕೂ ಹೋಗುತ್ತಾರೆ. ಎಂದಮೇಲೆ ನಾಲ್ಕು ದಿನದಿಂದ ಕೂಗಾಡುತ್ತಿದ್ದುದು ಸ್ವರ್ಗ-ನರಕಗಳ ಆಯ್ಕೆಗಲ್ಲ, ಒಂದೇ ಮಹಡಿಗೆ ಹೋಗುವ ಎರಡು ದಾರಿಗಳಿಗೆ. ಒಂದು ದಾರಿಯಲ್ಲಿ ಮೊದಲ ವರ್ಷ ಹಲವು ವಿಜ್ಞಾನಗಳ ರುಚಿ ನೋಡಿ ಆಮೇಲೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಏನು ಬೇಕೆಂದು ಗೊತ್ತಿಲ್ಲದವರಿಗೆ ಅದರಷ್ಟು ಒಳ್ಳೆಯದಿಲ್ಲ. ಇನ್ನೊಂದರಲ್ಲಿ ಮೊದಲ ದಿನದಿಂದಲೇ ಕೈಗೆ ಎಣ್ಣೆ, ಗೊತ್ತಿರುವವರಿಗೆ ಅದು. ಮನೆಯ ಮಗುವಿಗೆ ಗೊತ್ತಿದೆಯೋ ಇಲ್ಲವೋ ಎಂದು ತಿಳಿಯಲು ಶೆಡ್‌ನವರೆಗೆ ನಡೆದರೆ ಸಾಕಾಗಿತ್ತು. ಇಷ್ಟು ಹೇಳಿ ಪ್ರಬಂಧಕಾರನು ತನ್ನ ಹಲ್ಲಿನ ಯೋಗ್ಯತೆಗೆ ತಕ್ಕ ಕೋಡುಬಳೆ ಆರಿಸಿಕೊಂಡು ಸುಮ್ಮನಾದ.

ತಂದೆಯವರ ಬಳಿ ಇನ್ನೂ ಬ್ರಹ್ಮಾಸ್ತ್ರವಿತ್ತು: ಎರಡನೇ ಸುತ್ತು. ಜನವರಿಯಲ್ಲಿ ಅವರೇ ಕೂತು ಎಂಟರ ಪಟ್ಟಿಯ ಹತ್ತೂ ಸಾಲು ತುಂಬಿಸಿದ್ದರು. ಮೇನೂತ್ ಏಳನೆಯದು. ಅದರ ಮೇಲೆ ಡಬ್ಲಿನ್ನಿನ ಘನವಾದ ಆರು ಕೋರ್ಸುಗಳು. ಸೆಪ್ಟೆಂಬರಿನಲ್ಲಿ ಪಾಯಿಂಟು ಇಳಿದರೆ ಆರರಲ್ಲಿ ಒಂದಾದರೂ ಬಾರದೇ? ಆದ್ದರಿಂದ ಈಗ ಮೇನೂತ್ ಒಪ್ಪಿಕೊಂಡು ಕಾಯುವುದು, ಇದೇ ಸಿದ್ಧಾಂತ ಎಂದು ಸೋಮವಾರ ರಾತ್ರಿ ಘೋಷಣೆಯಾಯಿತು. ಅಜ್ಜಿ ಆಶೀರ್ವದಿಸಿದರು. ಚಿಕ್ಕಪ್ಪ ಹೆಬ್ಬೆರಳ ಚಿತ್ರ ಕಳಿಸಿದರು.

ಪ್ರಮೇಯವನ್ನು ಕರೆಸಲಾಯಿತು. ಹೆಡ್‌ಫೋನ್ ಕುತ್ತಿಗೆಗೆ ಇಳಿಯಿತು.

“ಅಪ್ಪಾ, ನಾನು ಬುಧವಾರಾನೇ ಆಕ್ಸೆಪ್ಟ್ ಮಾಡ್ದೆ. ಟ್ಯಾಲಾ.”

“ಸರಿ, ಇರ್ಲಿ. ಎರಡನೇ ರೌಂಡಲ್ಲಿ ಮೇಲಿನ ಆರರಲ್ಲಿ ಯಾವ್ದಾದ್ರೂ ಬಂದ್ರೆ...”

“ಆ ಆರು ಇಲ್ಲ ಅಪ್ಪಾ. ಜುಲೈ ಒಂದರವರೆಗೆ ಬದಲಾಯಿಸೋಕೆ ಬಿಡ್ತಾರಲ್ಲ. ಎಂಟರಲ್ಲಿ ಒಂದೇ ಇಟ್ಟಿದ್ದೆ. ಅದೂ ನಿಮಗೆ ಬೇಜಾರಾಗ್ಬಾರ್ದು ಅಂತ.”

ಸಭೆಯಲ್ಲಿ ಫ್ರಿಜ್ ಒಂದೇ ಮಾತಾಡುತ್ತಿತ್ತು. ಅಷ್ಟರಲ್ಲಿ ಹಾಸನದಿಂದ ಅಜ್ಜಿಯ ಫೋನು. ತಂದೆಯವರು ಗಂಟಲು ಸರಿಮಾಡಿಕೊಂಡು, “ಹ್ಞೂ ಅಮ್ಮ, ಆಯ್ತು. ಏಳೇ ಇರ್ಲಿ ಅಂತ ಹೇಳ್ದೆ. ನೀನು ಹೇಳಿದ ಮೇಲೆ ಮೀರೋಕಾಗುತ್ತಾ?” ಎಂದರು. ಹೀಗೆ ಸಪ್ತಮವಾದವು ಸರ್ವಾನುಮತದಿಂದ ಸ್ಥಾಪಿತವಾಯಿತು.

ಗ್ರಂಥಸಂಪಾದನೆಯ ಒಂದು ಸಮಸ್ಯೆ ಉಳಿದಿದೆ. ತಾಯಿಯವರ ಪಕ್ಷ ಯಾವುದೆಂದು ಇಡೀ ವಾರದ ದಾಖಲೆಯಲ್ಲಿ ಎಲ್ಲೂ ಸಿಗುವುದಿಲ್ಲ. ತಟ್ಟೆಗಳು ಮಾತ್ರ ಸಿಗುತ್ತವೆ. ಆದರೆ ತಮ್ಮನ ಹೇಳಿಕೆಯ ಪ್ರಕಾರ, ಜುಲೈ 1ರ ಸಂಜೆ, ಸಿಎಓ ಗಡುವು 5 ಗಂಟೆಗೆ ಮುಗಿದ ಮೇಲೆ, ಹಬ್ಬವಿಲ್ಲ ಹರಿದಿನವಿಲ್ಲ, ಆ ಮನೆಯಲ್ಲಿ ಕೇಸರಿಬಾತ್ ಆಗಿತ್ತು. ದ್ರಾಕ್ಷಿ ಗೋಡಂಬಿ ಸಮೇತ. ಅವರಿಗೆ ಮೊದಲೇ ಗೊತ್ತಿತ್ತೆಂಬ ಊಹೆಗೆ ಇದು ಬಲವಾದ ಆಧಾರ. ನೇರವಾಗಿ ಕೇಳಿದಾಗ ಅವರು ಒಲೆಯ ಕಡೆಯಿಂದ ತಿರುಗದೆ, “ರವೆ ಹುಳ ಬೀಳೋ ಹಾಗಿತ್ತು” ಎಂದರು.