‘ಇತರೆ’ ಕಾಲಂನ ಪ್ರಧಾನಿ

(ಹಾಸನದ ಕಡೆಯ ಒಂದು ಟೀ ಅಂಗಡಿ. ಟ್ಯಾಬ್ ಹಿಡಿದ ಸಮೀಕ್ಷಕ, ಬೀಡಿ ಹಿಡಿದ ಮತದಾರ.)

ಸಮೀಕ್ಷಕ: ಯಜಮಾನರೇ, ಮುಂದಿನ ಪ್ರಧಾನಿ ಯಾರಾಗಬೇಕು? ನಾಲ್ಕು ಹೆಸರಿವೆ, ಒಂದನ್ನು ಒತ್ತಿ.

ಮತದಾರ: ಈ ನಾಲ್ವರೂ ಬೇಡ ಅಂದ್ರೆ?

ಸಮೀಕ್ಷಕ: ‘ಇತರೆ’ ಅಂತ ಇದೆ. ಅಲ್ಲಿಂದ ಯಾರೂ ಪ್ರಧಾನಿ ಆಗಲ್ಲ ಬಿಡಿ.

ಮತದಾರ: 1996ರಲ್ಲಿ ಆದರಲ್ಲಪ್ಪ! ಬಿಜೆಪಿಗೆ 161, ಕಾಂಗ್ರೆಸ್‌ಗೆ 140, ಜನತಾದಳಕ್ಕೆ ಬರೀ 46. ವಿ.ಪಿ. ಸಿಂಗ್ ಒಲ್ಲೆ ಅಂದ್ರು. ಜ್ಯೋತಿ ಬಸುಗೆ ಅವರ ಪಕ್ಷವೇ ಬೇಡ ಅಂತು. ವಾಜಪೇಯಿ 13 ದಿನಕ್ಕೆ ಇಳಿದ್ರು. ನಮ್ಮ ದೇವೇಗೌಡ್ರು ಆಗ ಲೋಕಸಭೆ ಸದಸ್ಯರೂ ಅಲ್ಲ. ಜೂನ್ 1ಕ್ಕೆ ಪ್ರಧಾನಿ!

ಸಮೀಕ್ಷಕ: ಹಾಗಾದ್ರೆ ಜನಾಭಿಪ್ರಾಯ?

ಮತದಾರ: ಜನ ಆರಿಸೋದು 543 ಜನರನ್ನ. ಅದರಲ್ಲಿ 272 ತಲೆ ನನ್ನ ಕಡೆ ಅಂತ ತೋರಿಸಿದವನಿಗೆ ಕುರ್ಚಿ. ಇದರಲ್ಲಿ ನಿನ್ನ ಗುಂಡಿ ಎಲ್ಲಿ ಬಂತು?

ಸಮೀಕ್ಷಕ: ಟಿವಿಯಲ್ಲಿ, ರಾತ್ರಿ 8ಕ್ಕೆ. ಬಣ್ಣಬಣ್ಣದ ಗ್ರಾಫು.

ಮತದಾರ: 2004ರಲ್ಲೂ ಬಂದಿತ್ತು. ಎನ್‌ಡಿಎ ಗೆದ್ದೇ ಗೆಲ್ಲುತ್ತೆ ಅಂದ್ರಿ, ಪ್ರಮಾಣವಚನ ತಗೊಂಡಿದ್ದು ಮನಮೋಹನ್ ಸಿಂಗ್. 2024ರಲ್ಲಿ 350 ದಾಟಿಸಿದ್ರಿ, ಬಂದಿದ್ದು 293.

ಸಮೀಕ್ಷಕ: ಅದಕ್ಕೆ ‘ದೋಷದ ಮಿತಿ’ ಅಂತಾರೆ.

ಮತದಾರ: ನಮ್ಮೂರಲ್ಲಿ ಕಣಿ ತಪ್ಪಿದರೆ ದಕ್ಷಿಣೆ ವಾಪಸ್ ಕೇಳ್ತೀವಿ.

ಸಮೀಕ್ಷಕ: (ಗಂಟಲು ಸರಿಮಾಡಿಕೊಂಡು) ಕೊನೇ ಪ್ರಶ್ನೆ. ಗೌಡರನ್ನು ಇಳಿಸುವಾಗ ನಿಮ್ಮನ್ನು ಕೇಳಿದ್ರಾ?

ಮತದಾರ: ಏರಿಸುವಾಗಲೇ ಕೇಳಿರಲಿಲ್ಲವಲ್ಲ! 1997ರಲ್ಲಿ ಕಾಂಗ್ರೆಸ್ ಬೆಂಬಲ ವಾಪಸ್ ತಗೊಂಡ್ತು, ಗುಜ್ರಾಲ್ ಬಂದ್ರು. ಚುನಾವಣೆ ನಡೆದಿದ್ದು 1998ರಲ್ಲಿ.