ಸಮಾಧಿಯ ಪಕ್ಕ ನಿಂತ ಹುಡುಗಿ

ನಿಮಗೆ ಆ ಥರದ ಕಾದಂಬರಿ ಹಿಡಿಸುತ್ತೆ ಅಂತ ಗೊತ್ತು ಅಕ್ಕ, ಅದಕ್ಕೇ ಕರೆದು ಹೇಳ್ತಿದೀನಿ. ಪ್ರೀತಿಸಿ ದೂರವಾದ ಇಬ್ಬರು ಯಾವುದೋ ಮೋಸದ ಮಧ್ಯೆ ಮತ್ತೆ ಎದುರುಬದುರಾಗ್ತಾರಲ್ಲ, ಅಂಥದ್ದು. ಅವುಗಳಲ್ಲೆಲ್ಲ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ವಿಲ್ಕಿ ಕಾಲಿನ್ಸ್ ಬರೆದ ‘ದಿ ವುಮನ್ ಇನ್ ವೈಟ್’. ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೇಲಿ 1859ರ ನವೆಂಬರಿನಿಂದ 1860ರ ಆಗಸ್ಟ್ ತನಕ ಧಾರಾವಾಹಿಯಾಗಿ ಬಂತು. ಮುಂದಿನ ವಾರದ ‘ಸುಧಾ’ಗೆ ಕಾದು ಕೂತವರಿಗೆ ಆ ಚಡಪಡಿಕೆ ಏನು ಅಂತ ಬೇರೆ ಹೇಳಬೇಕಾ?

ಹುಡುಗ ವಾಲ್ಟರ್ ಹಾರ್ಟ್‌ರೈಟ್, ಡ್ರಾಯಿಂಗ್ ಮೇಷ್ಟ್ರು. ವಾರಕ್ಕೆ 4 ಗಿನಿ ಸಂಬಳಕ್ಕೆ ಕಂಬರ್ಲೆಂಡಿನ ಒಂದು ದೊಡ್ಡ ಮನೆಗೆ ಪಾಠ ಹೇಳೋಕೆ ಹೋಗ್ತಾನೆ. ಶಿಷ್ಯೆ ಲಾರಾ ಫೇರ್ಲಿ. ಇಬ್ಬರಿಗೂ ಮನಸ್ಸಾಗುತ್ತೆ. ಆದ್ರೆ ಅವಳಿಗೆ ಆಗಲೇ ಗಂಡು ಗೊತ್ತಾಗಿದೆ. ಸರ್ ಪರ್ಸಿವಲ್ ಗ್ಲೈಡ್ ಅನ್ನೋ ಜಮೀನ್ದಾರನಿಗೆ ಕೊಡೋದಕ್ಕೆ ತೀರಿಕೊಂಡ ಅಪ್ಪ ಒಪ್ಪಿಗೆ ಕೊಟ್ಟು ಹೋಗಿದಾರೆ. ಲಾರಾಳ ಅಕ್ಕ ಮೇರಿಯನ್ ವಾಲ್ಟರ್‌ನನ್ನ ಕರೆದು, ನೀವು ಇಲ್ಲಿಂದ ಹೊರಡಬೇಕು ಅಂತ ನೇರವಾಗಿ ಹೇಳ್ತಾಳೆ. ಮರುಮಾತಾಡದೆ ಹೊರಡ್ತಾನೆ. ಕೊನೆಗೆ ಮಧ್ಯ ಅಮೆರಿಕದ ಕಾಡು ಸೇರ್ತಾನೆ.

ಇಲ್ಲಿಂದ ಶುರುವಾಗುತ್ತೆ ದುಡ್ಡಿನ ಲೆಕ್ಕ. ಲಾರಾಳ ಹೆಸರಲ್ಲಿ 20,000 ಪೌಂಡ್ ಇದೆ. ಮಕ್ಕಳಾಗದೆ ಅವಳು ಸತ್ತರೆ ಅಷ್ಟೂ ಗಂಡನಿಗೆ ಅಂತ ಮದುವೆ ಕರಾರು. ಮನೆ ವಕೀಲರು ಬೇಡ ಬೇಡ ಅಂದ್ರೂ ಚಿಕ್ಕಪ್ಪ ತಲೆ ಕೆಡಿಸಿಕೊಳ್ಳಲ್ಲ. ಮದುವೆಯಾಗುತ್ತೆ, ನೋಡಿದ್ರೆ ಗಂಡನಿಗೆ ಮೈತುಂಬಾ ಸಾಲ. ಒಂದಿನ ಮಡಿಚಿಟ್ಟ ಪತ್ರ ತಂದು, ಇಲ್ಲಿ ಸಹಿ ಹಾಕು ಅಂತಾನೆ. ಓದದೆ ಹಾಕಲ್ಲ ಅಂತಾಳೆ ಲಾರಾ. ಮೆತ್ತಗಿನ ಹುಡುಗಿ, ಆ ಒಂದು ಮಾತಿಗೆ ನಾನು ಅವಳಿಗೆ ಕೈಮುಗಿದೆ. ಆಮೇಲೆ ಅವನೂ, ಅವನ ಸ್ನೇಹಿತ ಕೌಂಟ್ ಫಾಸ್ಕೋನೂ ಸೇರಿ ಮಾಡೋ ಕೆಲಸ ಕೇಳಿ. ಲಾರಾಳ ಹಾಗೇ ಕಾಣೋ ಆನ್ ಕ್ಯಾಥರಿಕ್ ಅಂತ ಇನ್ನೊಬ್ಬಳು ಹುಡುಗಿ, ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವಳು, ಹೃದಯದ ಕಾಯಿಲೆ. ಅವಳು ಸತ್ತಾಗ ಲಾರಾ ಸತ್ತಳು ಅಂತ ಮಣ್ಣುಮಾಡ್ತಾರೆ. ಲಾರಾಳನ್ನ ಆನ್ ಅಂತ ಹೇಳಿ ಆಸ್ಪತ್ರೆಗೆ ತಳ್ತಾರೆ.

ವಾಲ್ಟರ್ ಊರಿಗೆ ಬಂದಾಗ ಅವಳು ಸತ್ತ ಸುದ್ದಿ ಸಿಗುತ್ತೆ. ಸಮಾಧಿ ಹತ್ತಿರ ಹೋಗಿ ಕೂರ್ತಾನೆ. ಮುಸುಕು ಹಾಕಿದ ಇಬ್ಬರು ಹೆಂಗಸರು ಬರ್ತಾರೆ. ಒಬ್ಬಳು ಮುಸುಕು ಸರಿಸ್ತಾಳೆ. ಕಲ್ಲಿನ ಮೇಲೆ ಲಾರಾಳ ಹೆಸರು, ಕಲ್ಲಿನ ಪಕ್ಕ ಲಾರಾ!

ಮೇರಿಯನ್ ಅವಳನ್ನ ಆಸ್ಪತ್ರೆಯಿಂದ ಹೇಗೆ ಬಿಡಿಸಿಕೊಂಡು ಬಂದಳು ಅಂತ ಕೇಳ್ತೀರಾ? ತನ್ನ ಹತ್ತಿರ ಇದ್ದ ಹಣದಲ್ಲಿ ನರ್ಸಿಗೆ 400 ಪೌಂಡ್ ಕೊಟ್ಟು. ಆದ್ರೆ ಚಿಕ್ಕಪ್ಪನ ಮುಂದೆ ನಿಲ್ಲಿಸಿದಾಗ ಆ ಮನುಷ್ಯ, ಇವಳು ಯಾರೋ ಗೊತ್ತಿಲ್ಲ ಅಂದುಬಿಡ್ತಾನೆ. ಇಡೀ ಕಾದಂಬರಿಯ ಜೀವ ಇರೋದು ನನ್ನ ಪ್ರಕಾರ ಇಲ್ಲೇ ಅಕ್ಕ. ಕಳ್ಳರು ಅವಳಿಂದ ಕಸಿದದ್ದು ಅವಳ ಹೆಸರನ್ನ. ಮನೆಯವರೇ ಇವಳಲ್ಲ ಅಂತಾರೆ. ನೋಡಿದ ಕೂಡಲೇ ಇವಳೇ ಅಂದವನು, ಅವಳ ಮೇಲೆ ಯಾವ ಹಕ್ಕೂ ಇಲ್ಲದ ಡ್ರಾಯಿಂಗ್ ಮೇಷ್ಟ್ರು. ಪ್ರೀತಿ ಒಂದು ಕಡೆ, ಪತ್ತೇದಾರಿಕೆ ಒಂದು ಕಡೆ ಅಂತ ಬೇರೆ ಮಾಡೋಕೇ ಬರದ ಹಾಗೆ ಹೆಣೆದಿದಾನೆ ಕಾಲಿನ್ಸ್.

ಮೂವರೂ ಲಂಡನ್ನಿನ ಬಡವರ ಬೀದೀಲಿ ಹೆಸರು ಮರೆಸಿಕೊಂಡು ಇರ್ತಾರೆ. ವಾಲ್ಟರ್ ಅಗ್ಗದ ಪತ್ರಿಕೆಗಳಿಗೆ ಚಿತ್ರ ಮಾಡಿ ಸಂಸಾರ ತೂಗಿಸ್ತಾನೆ. ಆಸ್ಪತ್ರೆ ವಾಸದಿಂದ ಮನಸ್ಸು ಕುಸಿದ ಲಾರಾ, ನಾನೂ ಏನಾದ್ರೂ ದುಡೀಬೇಕು ಅಂತ ಹಟ ಹಿಡಿದು ಚಿತ್ರ ಬರೀತಾಳೆ. ಯಾರೂ ಕೊಳ್ಳೋ ಥರದ್ದಲ್ಲ. ಅವನು ಅವನ್ನೆಲ್ಲ ಮುಚ್ಚಿಟ್ಟು, ತನ್ನ ಸಂಪಾದನೆಯಲ್ಲೇ ಸ್ವಲ್ಪ ತೆಗೆದು, ನಿನ್ನ ಚಿತ್ರಕ್ಕೆ ಬಂದ ಹಣ ಅಂತ ಕೊಡ್ತಾನೆ. ಅವಳು ಹೆಮ್ಮೆಯಿಂದ ಎಣಿಸ್ತಾಳೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಪ್ರೇಮದ ಮಾತು ನನಗೆ ಸಿಗಲಿಲ್ಲ.

ಮೋಸ ಬಯಲಾಗೋದು ಒಂದೇ ಒಂದು ದಿನದ ವ್ಯತ್ಯಾಸದಿಂದ. ಲಾರಾ ಸತ್ತಳು ಅಂತ ದಾಖಲೆಯಾಗಿದ್ದು ಜುಲೈ 25. ಅವಳು ಲಂಡನ್ನಿಗೆ ರೈಲು ಹತ್ತಿದ್ದು 26. ಇಷ್ಟು ಸಾಬೀತು ಮಾಡೋಕೆ ಎಷ್ಟು ಅಲೆದಾಟ! ಮಜಾ ಅಂದ್ರೆ, ಮೊದಲ ಮುದ್ರಣದಲ್ಲಿ ಕಾಲಿನ್ಸೇ ತಾರೀಕು ತಪ್ಪಿದ್ದ. ‘ದಿ ಟೈಮ್ಸ್’ ವಿಮರ್ಶೆ ಅದನ್ನ ಎತ್ತಿ ತೋರಿಸ್ತು, ಆಮೇಲೆ ತಿದ್ದಿದ.

ಇದೆಲ್ಲ ಬರೀ ಕಟ್ಟುಕತೆ ಅಂದುಕೊಳ್ಳಬೇಡಿ. ಫ್ರಾನ್ಸಿನ ಹಳೇ ಮೊಕದ್ದಮೆಗಳ ಪುಸ್ತಕದಲ್ಲಿ ಮಾದಾಂ ದ ದೂವೋ ಅನ್ನೋ ಶ್ರೀಮಂತ ಹೆಂಗಸಿನ ಪ್ರಸಂಗ ಕಾಲಿನ್ಸ್‌ಗೆ ಸಿಕ್ಕಿತ್ತು. 18ನೇ ಶತಮಾನದ ಕೊನೆಯಲ್ಲಿ ಅವರನ್ನ ಬೇರೆ ಹೆಸರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಗೆ ತಳ್ಳಿ, ಸತ್ತರು ಅಂತ ಸಾರಿ, ಆಸ್ತಿ ಹೊಡೆದರು. ಪಾಪ, ಆಕೆಗೆ ಸಾಯೋತನಕ ತನ್ನ ಹೆಸರು ವಾಪಸ್ ಸಿಗಲಿಲ್ಲ. ಇಂಗ್ಲೆಂಡಿನಲ್ಲೂ 1858ರಲ್ಲಿ ಕಾದಂಬರಿಕಾರ ಬುಲ್ವರ್ ಲಿಟನ್, ಮಂತ್ರಿಯಾಗಿದ್ದಾಗಲೇ, ಹೆಂಡತಿ ರೊಸೀನಾಳನ್ನ ಹುಚ್ಚಾಸ್ಪತ್ರೆಗೆ ಹಾಕಿಸಿದ್ದ. ಜನ ಗಲಾಟೆ ಎಬ್ಬಿಸಿದ ಮೇಲೆ ಬಿಟ್ಟರು. ಮದುವೆಯಾದ ಹೆಣ್ಣು ಆಸ್ತಿಯನ್ನ ತನ್ನ ಹೆಸರಲ್ಲೇ ಇಟ್ಟುಕೊಳ್ಳೋ ಪೂರ್ತಿ ಹಕ್ಕು ಅಲ್ಲಿ ಕಾನೂನಾಗಿದ್ದು 1882ರಲ್ಲಿ.

ಒಂದು ತಕರಾರು ಮಾತ್ರ ಇದೆ ನಂದು. ಮಳೆಯಲ್ಲಿ ನೆನೀತಾ ಮಾಡಿನ ಮೇಲೆ ಕೂತು ಗ್ಲೈಡ್, ಫಾಸ್ಕೋ ಇಬ್ಬರ ಮಾತು ಕದ್ದು ಕೇಳಿ, ಜ್ವರ ಬಂದು ಮಲಗಿದ ಮೇರಿಯನ್ ಇದಾಳಲ್ಲ, ಅಂಥ ಹುಡುಗಿ ಪಕ್ಕದಲ್ಲೇ ಇದ್ದೂ ವಾಲ್ಟರ್ ಕಣ್ಣಿಗೆ ಬೀಳಲಿಲ್ವಲ್ಲ! ನೀವು ಓದಿ, ಯಾರ ಕಡೆ ನಿಲ್ತೀರಾ ಅಂತ ಹೇಳಿ. ಪುಸ್ತಕ ದಪ್ಪ ಇದೆ, ಕೊಡ್ತೀನಿ ತಡೀರಿ.